ಮೀನಿನ ಹೆಸರು, ಸುಂಕದ ಮಾತು: ಹೆಪ್ಪುಗಟ್ಟಿಸಿದ ಮೀನಿನ ವರ್ಗೀಕರಣ ಚರಿತ್ರೆ, ಕುಡಚಿಯ ನೆಲೆಯಿಂದ

1. ಪ್ರವೇಶ

ಅಂತಾರಾಷ್ಟ್ರೀಯ ವ್ಯಾಪಾರದಲ್ಲಿ ಸರಕೊಂದು ಗಡಿ ದಾಟಬೇಕಾದರೆ ಅದಕ್ಕೆ ಮೊದಲು ಹೆಸರು ಬೇಕು. ಹೆಸರಿನಿಂದ ಶೀರ್ಷಿಕೆಯ ಸಂಖ್ಯೆ, ಸಂಖ್ಯೆಯಿಂದ ಸುಂಕದ ದರ, ದರದೊಡನೆ ಅಂಕಿಅಂಶಗಳ ಪಟ್ಟಿಯಲ್ಲಿ ಒಂದು ಸ್ಥಾನ ಹೀಗೆ ಕ್ರಮ ಸಾಗುತ್ತದೆ. ಈ ಕ್ರಮವನ್ನು ಅರ್ಥಶಾಸ್ತ್ರಜ್ಞರು ಮತ್ತು ಕಾನೂನು ಪಂಡಿತರು ಬಹುಕಾಲದಿಂದ ಚರ್ಚಿಸಿದ್ದಾರೆ. ಆದರೆ ಸುಂಕದ ಪಟ್ಟಿಯು ಮೂಲತಃ ಒಂದು ನಿಘಂಟು, ಅಷ್ಟೇ ಅಲ್ಲ, ಕಾನೂನಿನ ಬಲವುಳ್ಳ ನಿಘಂಟು ಎಂಬ ಸಂಗತಿಯನ್ನು ಭಾಷಾವಿಜ್ಞಾನವು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಪ್ರಸ್ತುತ ಲೇಖನದಲ್ಲಿ ನಾವು ಹೆಪ್ಪುಗಟ್ಟಿಸಿದ ಮೀನಿಗೆ ಮೀಸಲಾದ 0303ನೆಯ ಶೀರ್ಷಿಕೆಯನ್ನೂ ಅದರ ನೆರೆಯ ಶೀರ್ಷಿಕೆಗಳನ್ನೂ ಇಂಥ ನಿಘಂಟಿನ ಪುಟಗಳಂತೆ ಓದಲು ಯತ್ನಿಸುತ್ತೇವೆ.

ನಮ್ಮ ನೆಲೆ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಕುಡಚಿ. ಅದು ಬಂದರಲ್ಲ, ಅಲ್ಲಿ ಕಡಲಿಲ್ಲ. ಆದರೂ ಮೂರು ಕಾರಣಗಳಿಂದ ಈ ಊರು ನಮ್ಮ ಪ್ರಶ್ನೆಗೆ ತಕ್ಕ ನೆಲೆಯಾಗಿದೆ. ಮೊದಲನೆಯದು, ಕುಡಚಿ ಕೃಷ್ಣಾ ನದಿಯ ದಂಡೆಯಲ್ಲಿದೆ. ಈ ನದಿಯ ಜಲಾನಯನದಲ್ಲಿಯೇ ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಮೀನುಗಳ ಆಡುಹೆಸರುಗಳು ಲ್ಯಾಟಿನ್ ನಾಮಗಳಾದವು. ಎರಡನೆಯದು, 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕುಡಚಿಯನ್ನು ಹಾದುಹೋಗುವ ಮೀರಜ್–ಲೋಂಡಾ ರೈಲುಮಾರ್ಗವು ಇಂದಿಗೂ ಅದನ್ನು ಆ ದಿಕ್ಕಿಗೆ ಜೋಡಿಸಿದೆ. ಮೂರನೆಯದು, ಕನ್ನಡ, ಮರಾಠಿ, ಉರ್ದು ಮೂರೂ ಇಲ್ಲಿ ನಿತ್ಯದ ಮಾತುಗಳು. ಮೀನು, ಮಾಸಾ, ಮಛಲಿ ಎಂಬ ಮೂರು ಪದಗಳು ಒಂದೇ ಸಂತೆಯಲ್ಲಿ ಕೇಳಿಬರುವಲ್ಲಿ, ಸುಂಕದ ಪಟ್ಟಿಯಲ್ಲಿ ಯಾವ ಹೆಸರು ಸೇರಿತು, ಯಾವುದು ಹೊರಗುಳಿಯಿತು ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ನಮ್ಮ ವಾದ ಇಷ್ಟು. ಮೀನಿನ ಸುಂಕ ವರ್ಗೀಕರಣದಲ್ಲಿ ನೆಲೆಗೊಂಡ ಹೆಸರುಗಳನ್ನು ನಿರ್ಧರಿಸಿದ್ದು ಮೀನಿನ ಸ್ವರೂಪವೊಂದೇ ಅಲ್ಲ, ಭಾಷಿಕರ ಸಂಖ್ಯೆಯಂತೂ ಅಲ್ಲವೇ ಅಲ್ಲ. ಯಾರು, ಯಾವ ಹೊಳೆಯ ಬಳಿ, ಯಾವ ಬಂದರಿನಲ್ಲಿ ನಿಂತು ಹೆಸರು ಕೇಳಿದರು ಎಂಬುದೇ ಮುಖ್ಯವಾಯಿತು. ಹೆಸರು ಸಿಗದ ಮೀನು ‘ಇತರೆ’ ಎಂಬ ಸಾಲಿಗೆ ಸೇರಿತು. ಎಣಿಕೆಯ ಲೋಕದಲ್ಲಿ ‘ಇತರೆ’ ಎಂದರೆ ಬಹುಮಟ್ಟಿಗೆ ಕಾಣದಿರುವುದು ಎಂದೇ ಅರ್ಥ.

2. ಸುಂಕ, ಜಕಾತಿ, ಕಿರುಕುಳ

ಸರಕನ್ನು ಹೆಸರಿಸಿ ತೆರಿಗೆ ಎತ್ತುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಸಂಸ್ಕೃತದ ‘ಶುಲ್ಕ’ವು ಪ್ರಾಕೃತದ ಹಾದಿಯಲ್ಲಿ ಬಂದು ‘ಸುಂಕ’ವಾಯಿತು, ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ‘ಪೆರ್ಜುಂಕ’ ಅಥವಾ ‘ಹೆಜ್ಜುಂಕ’, ‘ವಡ್ಡರಾವುಳ’, ‘ಬಿಲ್ಕೊಡೆ’, ‘ಕಿರುಕುಳ’ ಮುಂತಾದ ಪದಗಳು ಹೇರಳವಾಗಿ ದೊರೆಯುತ್ತವೆ. ದೊಡ್ಡ ಸುಂಕಕ್ಕೆ ಎದುರಾಗಿ ಸಣ್ಣಪುಟ್ಟ ತೆರಿಗೆಗಳನ್ನು ಸೂಚಿಸುತ್ತಿದ್ದ ‘ಕಿರುಕುಳ’ ಇಂದು ಪೀಡನೆ ಎಂಬ ಅರ್ಥದಲ್ಲಷ್ಟೇ ಉಳಿದಿದೆ. ಈ ಅರ್ಥಾಂತರದ ಹಿಂದೆ ತೆರಿಗೆದಾರನ ಅನುಭವವೂ ಇದ್ದಿರಬಹುದೆಂದು ಊಹಿಸುವುದು ಅಸಂಗತವಲ್ಲ. ಕುಡಚಿ, ರಾಯಬಾಗಗಳನ್ನು ಒಳಗೊಂಡಿದ್ದ ಕೂಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರ ಶಾಸನಗಳೂ ಈ ಪರಂಪರೆಗೆ ಸೇರಿದವು. ನಾಲ್ಕನೆಯ ಕಾರ್ತವೀರ್ಯನ ಕಾಲದ, 1204ರ ಬೆಳಗಾವಿಯ ಶಾಸನದಲ್ಲಿ ವರ್ತಕ ಸಮೂಹಗಳು ಬಸದಿಗೆ ಸರಕು ಸರಕಿಗೆ ಇಷ್ಟೆಂದು ಬಿಟ್ಟುಕೊಟ್ಟ ಆಯದ ವಿವರವಿದೆ. ಅಲ್ಲಿ ಸರಕಿನ ಹೆಸರು ಸಂತೆಯ ಹೆಸರೇ. ಹೆಸರಿಡುವವರು ಮತ್ತು ತೆರುವವರು ಒಂದೇ ಭಾಷಾಸಮುದಾಯದವರು.

ಮುಂದೆ ಅರಬ್ಬಿಯ ‘ಜಕಾತ್’ ಎಂಬ ಧಾರ್ಮಿಕ ದಾನವಾಚಿ ಪದವು ಮರಾಠಿಯ ಮೂಲಕ ಉತ್ತರ ಕರ್ನಾಟಕದ ಕನ್ನಡಕ್ಕೆ ‘ಜಕಾತಿ’ಯಾಗಿ ಬಂದು, ಊರ ಬಾಗಿಲಿನ ತೆರಿಗೆಯನ್ನು ಸೂಚಿಸತೊಡಗಿತು. ಕರ್ನಾಟಕದಲ್ಲಿ ಜಕಾತಿ 1979ರಲ್ಲಿ ರದ್ದಾಗಿ ಪ್ರವೇಶ ತೆರಿಗೆ ಬಂದರೂ ಪದ ಉಳಿದಿದೆ. ತೆರಿಗೆಯ ಪದಗಳು ಆಡಳಿತದೊಡನೆ ವಲಸೆ ಬರುತ್ತವೆ. ಆಡಳಿತ ಹೋದ ಮೇಲೂ ನಿಲ್ಲುತ್ತವೆ. ಮೀನಿನ ಹೆಸರುಗಳಲ್ಲಿಯೂ ಇದೇ ನಡೆಯಿತು.

ಮೀನಿನ ವರ್ಗೀಕರಣಕ್ಕೂ ಈ ನಾಡಿನಲ್ಲಿ ಹಳೆಯ ನಿದರ್ಶನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಮತ್ಸ್ಯವಿನೋದ ಭಾಗವು ಮೀನುಗಳನ್ನು ಕಡಲಿನವು–ಹೊಳೆಯವು, ಹುರುಪೆಯುಳ್ಳವು–ಬರಿಯ ಚರ್ಮದವು, ಗಾತ್ರದಲ್ಲಿ ದೊಡ್ಡವು–ನಡುವಿನವು–ಸಣ್ಣವು ಎಂದು ವಿಂಗಡಿಸುತ್ತದೆ. ಇದು ಗಾಳ ಹಾಕುವವನ ಕಣ್ಣಿನ ವಿಂಗಡಣೆ: ಎಲ್ಲಿ ಸಿಗುತ್ತದೆ, ಮುಟ್ಟಿದರೆ ಹೇಗಿದೆ, ಎಷ್ಟು ಬಲದಿಂದ ಎಳೆಯುತ್ತದೆ ಎಂಬುವೇ ಅದರ ಲಕ್ಷಣಗಳು. ಆಧುನಿಕ ಸುಂಕದ ಪಟ್ಟಿಯಲ್ಲಿ ಈ ಮೂರೂ ಲಕ್ಷಣಗಳಿಗೆ ಪ್ರಧಾನ ಸ್ಥಾನವಿಲ್ಲ.

3. ಹೊಳೆಯ ಹೆಸರು ಲ್ಯಾಟಿನ್ನಿಗೆ ಸೇರಿದ ಬಗೆ

ಸುಂಕದ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಆವರಣದೊಳಗೆ ಬರುವ ಲ್ಯಾಟಿನ್ ನಾಮಗಳು ನಿರ್ಣಾಯಕ. ಆದ್ದರಿಂದ ಆ ನಾಮಗಳ ಹುಟ್ಟನ್ನು ಮೊದಲು ನೋಡಬೇಕು.

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳಲ್ಲಿ ಸಂಚರಿಸಿ ಬರೆದ ಪ್ರವಾಸಕಥನ 1807ರಲ್ಲಿ ಪ್ರಕಟವಾಯಿತು. ಹಿರಿಯೂರಿನ ಬಳಿ ವೇದಾವತಿಯಲ್ಲಿ ಕಂಡ ಮೀನುಗಳನ್ನು ಆತ ಅದರಲ್ಲಿ ವರ್ಣಿಸಿದ್ದಾನೆ. ‘ಬೆಂಡೆಲಿಸಿಸ್’, ‘ಕರ್ಮುಕಾ’ ಎಂಬ ಜಾತಿನಾಮಗಳು ಅಲ್ಲಿಂದ ಬಂದವು. ಇವು ಗ್ರೀಕ್ ಅಥವಾ ಲ್ಯಾಟಿನ್ ಮೂಲದ ವರ್ಣನಾಪದಗಳಲ್ಲ; ಸ್ಥಳದಲ್ಲಿ ಕೇಳಿದ ಹೆಸರುಗಳ ಲಿಪ್ಯಂತರಗಳಂತೆ ತೋರುತ್ತವೆ. ವೇದಾವತಿಯ ನೀರು ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರುತ್ತದೆ. ಇದೇ ವ್ಯಕ್ತಿ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ 1822ರಲ್ಲಿ ಗಂಗಾನದಿಯ ಮೀನುಗಳ ಗ್ರಂಥವನ್ನು ಪ್ರಕಟಿಸಿದ. ಅದರಲ್ಲಿ ಬಂಗಾಳ ಪ್ರಾಂತದ ಆಡುಹೆಸರುಗಳು ‘ಕಾಟ್ಲಾ’, ‘ರೋಹಿತಾ’, ‘ಮೃಗಲಾ’ ಎಂದು ವೈಜ್ಞಾನಿಕ ನಾಮಗಳಾದವು. ವೇದಾವತಿಯಲ್ಲಿ ಕೆಲವೇ ಹೆಸರುಗಳು, ಗಂಗೆಯಲ್ಲಿ ಒಂದು ಇಡೀ ಗ್ರಂಥ: ಹೆಸರು ಕೇಳುವವನು ಎಲ್ಲಿ ಹೆಚ್ಚು ದಿನ ತಂಗಿದ ಎಂಬುದು ನಾಮಾವಳಿಯ ಗಾತ್ರವನ್ನು ನಿರ್ಧರಿಸಿತು.

ದಖ್ಖನ್ನಿನಲ್ಲಿ ಈ ಕೆಲಸ ಮಾಡಿದವನು ಮುಂಬಯಿ ಸರಕಾರದ ಸೇವೆಯಲ್ಲಿದ್ದ ಸೈನ್ಯಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್. ಪುಣೆಯ ಸುತ್ತಲಿನ ಮುಳಾ–ಮುಠಾ, ಭೀಮಾ ಮೊದಲಾದ ನದಿಗಳ ಮೀನುಗಳನ್ನು ಆತ 1839ರಲ್ಲಿ ಪ್ರಕಟವಾದ ಬರಹದಲ್ಲಿ ವರ್ಣಿಸಿದ. ‘ಖುದ್ರೀ’, ‘ಮುಸುಲ್ಲಾ’, ‘ಕೋಲಸ್’, ‘ಪೊಟೇಲ್’, ‘ಬೊಗ್ಗಟ್’, ‘ನುಕ್ತಾ’ ಎಂಬ ಜಾತಿನಾಮಗಳು ಆ ಸೀಮೆಯ ಆಡುಮಾತಿನಿಂದ ಎತ್ತಿಕೊಂಡವು. ಭೀಮೆ ಕೃಷ್ಣೆಯ ಉಪನದಿ. ಆದ್ದರಿಂದ ಅಲ್ಲಿ ಹೆಸರು ಪಡೆದ ಮೀನುಗಳಲ್ಲಿ ಹಲವು ಕೃಷ್ಣೆಯವೂ ಹೌದು. ಕನ್ನಡ ಮಾತಿನ ದಂಡೆಯಲ್ಲಿ ಈಜುವ ಮೀನು ಜಗತ್ತಿನ ದಾಖಲೆಯಲ್ಲಿ ಪುಣೆಯ ಮರಾಠಿಯ ಹೆಸರನ್ನು ಹೊತ್ತಿದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಸೈಕ್ಸ್ ನೆಲೆಸಿದ್ದು ಪುಣೆಯ ಕಡೆ, ಅವನಿಗೆ ಹೆಸರು ಹೇಳಿದವರು ಅಲ್ಲಿಯ ಬೆಸ್ತರು. ಆದರೆ ಆಕಸ್ಮಿಕವಾಗಿ ಆದದ್ದು ನಾಮಕರಣದ ನಿಯಮದಿಂದಾಗಿ ಶಾಶ್ವತವಾಯಿತು.

4. ಬ್ರಸೆಲ್ಸಿನ ನಿಘಂಟು

ರಾಷ್ಟ್ರಗಳೆಲ್ಲ ಒಂದೇ ಸರಕುಪಟ್ಟಿಯನ್ನು ಬಳಸಬೇಕೆಂಬ ಯತ್ನ ರಾಷ್ಟ್ರಸಂಘದ ಆಶ್ರಯದಲ್ಲಿ ಜಿನೀವಾದಲ್ಲಿ ಆರಂಭವಾಗಿ 1931ರಲ್ಲಿ ಕರಡನ್ನು, 1937ರಲ್ಲಿ ಪರಿಷ್ಕೃತ ರೂಪವನ್ನು ಪಡೆಯಿತು. 1950ರ ಬ್ರಸೆಲ್ಸ್ ಒಡಂಬಡಿಕೆಯಿಂದ ಹುಟ್ಟಿದ ನಾಮಾವಳಿ 1959ರಲ್ಲಿ ಜಾರಿಗೆ ಬಂತು. ಅದರ ಮುಂದುವರಿಕೆಯಾದ ‘ಸಮನ್ವಯಿತ ಪದ್ಧತಿ’ಗೆ 1983ರ ಜೂನ್ 14ರಂದು ಬ್ರಸೆಲ್ಸಿನಲ್ಲಿ ಒಪ್ಪಿಗೆ ದೊರೆತು, 1988ರ ಜನವರಿ 1ರಿಂದ ಅದು ಆಚರಣೆಗೆ ಬಂತು. ಭಾರತದಲ್ಲಿ 1934ರ ಸುಂಕ ಕಾಯ್ದೆಯ ಸ್ಥಾನದಲ್ಲಿ 1975ರ ಸೀಮಾಸುಂಕ ದರಪಟ್ಟಿ ಕಾಯ್ದೆ ಬಂದು ಬ್ರಸೆಲ್ಸಿನ ಮಾದರಿಯನ್ನು ಒಪ್ಪಿಕೊಂಡಿತು. 1986ರಲ್ಲಿ ಸಮನ್ವಯಿತ ಪದ್ಧತಿಯೂ, 2003ರಲ್ಲಿ ಎಂಟು ಅಂಕಿಗಳ ಪಟ್ಟಿಯೂ ಬಂದವು.

ಈ ಒಡಂಬಡಿಕೆಯ ಅಧಿಕೃತ ಪಠ್ಯಗಳು ಎರಡು: ಇಂಗ್ಲಿಷ್ ಮತ್ತು ಫ್ರೆಂಚ್. ಎರಡೂ ಸಮಾನ ಪ್ರಮಾಣದವು. ಆದರೆ ಎರಡು ಭಾಷೆಗಳ ಅರ್ಥಕ್ಷೇತ್ರ ಒಂದೇ ರೀತಿ ಹರಿದಿಲ್ಲ. ಇಂಗ್ಲಿಷಿನಲ್ಲಿ ಪ್ರಾಣಿಯ ಮಾಂಸಕ್ಕೂ ಮೀನಿನ ಮಾಂಸಕ್ಕೂ ‘ಮೀಟ್’ ಎಂಬ ಒಂದೇ ಪದ. ಫ್ರೆಂಚಿನಲ್ಲಿ ಎರಡನೆಯ ಅಧ್ಯಾಯದ ಮಾಂಸ ‘ವಿಯಾಂದ್’, 0304ರ ಮೀನಿನ ಮಾಂಸ ‘ಶೇರ್’. ಕನ್ನಡದ ರೂಢಿ ಫ್ರೆಂಚಿಗೆ ಹತ್ತಿರ: ನಮ್ಮ ಊಟದ ಮಾತಿನಲ್ಲಿ ‘ಮಾಂಸ’, ‘ಬಾಡು’ ಎಂದರೆ ಮೀನು ಒಳಬರುವುದಿಲ್ಲ.

ಮೂರನೆಯ ಅಧ್ಯಾಯದ ಒಳವಿಂಗಡಣೆಯನ್ನು ಗಮನಿಸೋಣ. 0301 ಜೀವಂತ ಮೀನು. 0302 ತಾಜಾ ಅಥವಾ ತಂಪುಗೊಳಿಸಿದ ಮೀನು. 0303 ಹೆಪ್ಪುಗಟ್ಟಿಸಿದ ಮೀನು. 0304 ಫಿಲೆ ಮತ್ತು ಇತರ ಮೀನು ಮಾಂಸ. 0305 ಒಣಗಿಸಿದ, ಉಪ್ಪು ಹಾಕಿದ, ಹೊಗೆಯಾಡಿಸಿದ ಮೀನು. 0306 ಸಿಗಡಿ, ಏಡಿಗಳ ವರ್ಗ. 0307 ಬೊಂಡಾಸ ಮುಂತಾದ ಮೃದ್ವಂಗಿಗಳು. ಇಲ್ಲಿ ಮೊದಲ ಪ್ರಶ್ನೆ ‘ಯಾವ ಮೀನು’ ಎಂಬುದಲ್ಲ, ‘ಯಾವ ಸ್ಥಿತಿಯ ಮೀನು’ ಎಂಬುದು. ಜನಪದ ವರ್ಗೀಕರಣದಲ್ಲಿ ಜಾತಿ ಮೊದಲು, ಸ್ಥಿತಿ ಅನಂತರ. ‘ಒಣ ಬಂಗುಡೆ’ಯೂ ಬಂಗುಡೆಯೇ. ಬ್ರೆಂಟ್ ಬರ್ಲಿನ್ ಮೊದಲಾದವರು ವಿವರಿಸಿರುವ ಜನಪದ ಜೀವಿವರ್ಗೀಕರಣದಲ್ಲಿ ಕುಲವಾಚಿ ಪದವೇ ತಿರುಳು. ಸುಂಕದ ಪಟ್ಟಿಯು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ.

ಸ್ಥಿತಿಯ ಗಡಿಗಳೂ ಪದಗಳಿಂದಲೇ ಕಟ್ಟಿದವು. ಪದ್ಧತಿಯ ವಿವರಣಾ ಟಿಪ್ಪಣಿಯ ಪ್ರಕಾರ ತಂಪುಗೊಳಿಸುವುದೆಂದರೆ ಸರಕನ್ನು ಸಾಮಾನ್ಯವಾಗಿ 0 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ ಇಳಿಸುವುದು, ಆದರೆ ಗಟ್ಟಿಯಾಗಲು ಬಿಡದಿರುವುದು. ಹೆಪ್ಪುಗಟ್ಟಿಸುವುದೆಂದರೆ ಒಳಹೊರಗೆಲ್ಲ ಗಟ್ಟಿಯಾಗುವವರೆಗೆ ತಣಿಸುವುದು. ಕನ್ನಡದಲ್ಲಿ ‘ಶೀತಲೀಕರಿಸಿದ’, ‘ಶೈತ್ಯೀಕರಿಸಿದ’ ಎಂಬ ಎರಡೂ ಪದಗಳು ಈ ಭೇದವನ್ನು ಹೇಳಲಾರವು. ಎರಡರ ಬೇರೂ ಬರಿಯ ಚಳಿ. ‘ಹೆಪ್ಪುಗಟ್ಟು’ ಮಾತ್ರ ದ್ರವವು ಘನವಾಗುವ ಕ್ರಿಯೆಯನ್ನು ಸೂಚಿಸುತ್ತದೆ. ಹಾಲಿಗೆ ಹಾಕುವ ಹೆಪ್ಪಿನಿಂದ ಬಂದ ಈ ಅಡುಗೆಮನೆಯ ಪದ ಸಂಸ್ಕೃತಮೂಲದ ಪಾರಿಭಾಷಿಕಗಳಿಗಿಂತ ಕರಾರುವಾಕ್ಕಾಗಿದೆ. ‘ಐಸ್ ಹಾಕಿದ ಮೀನು’ ಎಂಬ ಸಂತೆಯ ಮಾತು 0302ನ್ನು ಸೂಚಿಸುತ್ತದೆಯೇ ಹೊರತು 0303ನ್ನಲ್ಲ.

0303 ಮತ್ತು 0304ರ ನಡುವಿನ ಗಡಿ ಮೂಳೆಯದು. ತಲೆ ಕಡಿದ, ಕರುಳು ತೆಗೆದ ಮೀನೂ, ಮೂಳೆಯಿರುವ ತುಂಡೂ ‘ಮೀನು’ ಎಂಬ ಹೆಸರಿನಲ್ಲಿಯೇ 0303ರಲ್ಲಿ ಉಳಿಯುತ್ತವೆ. ಬೆನ್ನುಮೂಳೆಗೆ ಸಮಾನಾಂತರವಾಗಿ ಸೀಳಿ ತೆಗೆದ ಪಟ್ಟಿ ಫಿಲೆಯಾಗಿ 0304ಕ್ಕೆ ಹೋಗುತ್ತದೆ. ಅಡ್ಡ ಕತ್ತರಿಸಿದರೆ ಮೀನು, ಉದ್ದ ಸೀಳಿದರೆ ಮಾಂಸ. ಕನ್ನಡದ ‘ತುಂಡು’, ‘ಹೋಳು’ ಎಂಬ ಪದಗಳಲ್ಲಿ ಕತ್ತರಿಸಿದ ದಿಕ್ಕಿನ ಸೂಚನೆಯಿಲ್ಲ; ಆದ್ದರಿಂದ ಕನ್ನಡ ಅನುವಾದಕನು ಇಲ್ಲಿ ಪದವನ್ನಲ್ಲ, ವಿವರಣೆಯನ್ನೇ ಕೊಡಬೇಕಾಗುತ್ತದೆ.

5. ಮುಂಬಯಿಯ ಹೆಸರುಗಳು, ಕರಾವಳಿಯ ಮೌನ

ಸಮನ್ವಯಿತ ಪದ್ಧತಿಯ ಮೊದಲ ಆರು ಅಂಕಿಗಳು ಜಗತ್ತಿಗೆ ಸಮಾನ. ಉಳಿದವು ಆಯಾ ದೇಶದವು. ಭಾರತದ ಪಟ್ಟಿಯಲ್ಲಿ ಹೆಪ್ಪುಗಟ್ಟಿಸಿದ ಮೀನಿನ ಕೊನೆಯ ಸಾಲುಗಳಿಗೆ ಬಂದರೆ ಹಿಲ್ಸಾ, ದಾರಾ, ರಿಬ್ಬನ್ ಮೀನು, ಸೀರ್, ಪಾಂಫ್ರೆಟ್, ಘೋಲ್, ತ್ರೆಡ್‌ಫಿನ್, ಕ್ರೋಕರ್ ಮುಂತಾದ ಹೆಸರುಗಳು ಕಾಣುತ್ತವೆ. ಇವುಗಳಲ್ಲಿ ಹಿಲ್ಸಾ ಬಂಗಾಳದ ಕಡೆಯದು. ದಾರಾ, ಘೋಲ್ ಮುಂಬಯಿ–ಗುಜರಾತ್ ಕರಾವಳಿಯ ಮಾರುಕಟ್ಟೆಯ ಹೆಸರುಗಳು. ಪಾಂಫ್ರೆಟ್ ಪೋರ್ಚುಗೀಸಿನ ‘ಪಾಂಪೊ’ದಿಂದ ಬಂತೆಂದು ಹೇಳುವುದುಂಟು. ಕರ್ನಾಟಕದ ಕರಾವಳಿಯ ಅಂಜಲ್, ಮಾಂಜಿ, ಬಂಗುಡೆ, ಬೂತಾಯಿ, ಬೈಗೆ, ಪಾಂಬೊಳ್ ಎಂಬ ಕನ್ನಡ–ತುಳು ಹೆಸರುಗಳಾಗಲಿ, ತಾರ್ಲೊ, ಬಾಂಗ್ಡೊ ಎಂಬ ಕೊಂಕಣಿ ಹೆಸರುಗಳಾಗಲಿ ಅಲ್ಲಿಲ್ಲ. ಮಲ್ಪೆ, ಮಂಗಳೂರುಗಳಲ್ಲಿ ಇಳಿದ ಮೀನು ಹೊರದೇಶಕ್ಕೆ ಹೋಗುವಾಗ ಮತ್ತೊಂದು ಬಂದರಿನ ಹೆಸರನ್ನು ತೊಡುತ್ತದೆ.

ಈ ಪಟ್ಟಿಯನ್ನು ಅರ್ಥವಿಜ್ಞಾನದ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ದಾರಾ ಎಂಬುದು ತ್ರೆಡ್‌ಫಿನ್ ಕುಟುಂಬದ ಮೀನು; ಘೋಲ್ ಕ್ರೋಕರ್ ಕುಟುಂಬದ್ದು. ಒಳಪದ ಮತ್ತು ಮೇಲ್ಪದಗಳು ಒಂದೇ ಸಾಲಿನಲ್ಲಿ ಸಮಾನರಂತೆ ನಿಂತಿವೆ. ತರ್ಕದ ದೃಷ್ಟಿಯಿಂದ ಇದು ದೋಷ; ವ್ಯಾಪಾರದ ದೃಷ್ಟಿಯಿಂದ ಸಹಜ. ಬೆಲೆಬಾಳುವ ಘೋಲ್‌ಗೆ ಸ್ವಂತ ಹೆಸರಿದೆ, ಉಳಿದ ಸಂಬಂಧಿಕರಿಗೆ ಕುಟುಂಬದ ಹೆಸರು ಸಾಕು. ವರ್ಗೀಕರಣದ ಮೂರನೆಯ ಸಾಮಾನ್ಯ ನಿಯಮವು ವಿಶಿಷ್ಟ ವರ್ಣನೆಯನ್ನು ಸಾಮಾನ್ಯ ವರ್ಣನೆಗಿಂತ ಮೇಲೆಂದು ಹೇಳುವ ಮೂಲಕ ಇಂಥ ತೊಡಕುಗಳನ್ನು ಬಿಡಿಸುತ್ತದೆ. ಉತ್ಸರ್ಗಕ್ಕಿಂತ ಅಪವಾದ ಬಲವತ್ತರ ಎಂಬ ವ್ಯಾಕರಣಶಾಸ್ತ್ರದ ನ್ಯಾಯವನ್ನು ಬಲ್ಲ ಓದುಗರಿಗೆ ಇದು ಪರಿಚಿತವೆನಿಸದಿರದು.

ಪಾಂಫ್ರೆಟ್‌ನ ಕಥೆ ಇನ್ನೂ ಉಪದೇಶಕರ. ಭಾರತದ ಸಾಲಿನಲ್ಲಿ ‘ಬಿಳಿಯ ಅಥವಾ ಬೆಳ್ಳಿಯ ಅಥವಾ ಕಪ್ಪು’ ಪಾಂಫ್ರೆಟ್ ಒಟ್ಟಿಗಿದ್ದವು. ಬೆಳ್ಳಿ ಪಾಂಫ್ರೆಟ್ ‘ಪಾಂಪಸ್’ ಕುಲದ್ದು. ಕಪ್ಪು ಪಾಂಫ್ರೆಟ್ ಬೇರೆಯೇ ಕುಟುಂಬದ್ದು. ಇಂಗ್ಲಿಷಿನಂತೆ ‘ಮಾಂಜಿ’ ಎಂಬ ಕರಾವಳಿಯ ಪದವೂ ಎರಡನ್ನೂ ಒಳಗೊಳ್ಳುತ್ತದೆ. ಕಪ್ಪು ಎಂಬ ವಿಶೇಷಣದಿಂದ ಬೇರ್ಪಡಿಸುತ್ತದೆ. ಮರಾಠಿ ಮಾತ್ರ ಮೊದಲಿನಿಂದಲೂ ಒಂದನ್ನು ‘ಪಾಪ್ಲೆಟ್’, ಇನ್ನೊಂದನ್ನು ‘ಹಲ್ವಾ’ ಎಂದು ಎರಡು ಸ್ವತಂತ್ರ ಪದಗಳಿಂದ ಕರೆದಿದೆ. 2017ರ ಪರಿಷ್ಕರಣೆಯಲ್ಲಿ ಸಮನ್ವಯಿತ ಪದ್ಧತಿಯು ‘ಬೆಳ್ಳಿ ಪಾಂಫ್ರೆಟ್ (ಪಾಂಪಸ್ ಕುಲ)’ ಎಂದು ಪ್ರತ್ಯೇಕವಾಗಿ ಹೆಸರಿಸಿದಾಗ, ಮರಾಠಿಯ ಮೀನುಮಾರುಕಟ್ಟೆ ತಿಳಿದಿದ್ದ ಭೇದವನ್ನು ಬ್ರಸೆಲ್ಸ್ ತಡವಾಗಿ ಒಪ್ಪಿಕೊಂಡಂತಾಯಿತು. ಕಡಲಮೀನಿಗೆ ಮರಾಠಿ–ಕೊಂಕಣಿ ಹೆಸರುಗಳು ರೂಢಿಯಲ್ಲಿರುವ ಬೆಳಗಾವಿಯ ಗಡಿಭಾಗದ ಕನ್ನಡಿಗನಿಗೆ ಈ ಭೇದ ಹೊಸದಲ್ಲ.

6. ‘ಸಾಮಾನ್ಯರ ಮಾತು’ ಯಾವ ಭಾಷೆಯದು?

ತೆರಿಗೆಯ ಕಾನೂನಿನಲ್ಲಿ ಪದದ ಅರ್ಥವನ್ನು ನಿಶ್ಚಯಿಸುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ಸರ್ವೋಚ್ಚ ನ್ಯಾಯಾಲಯ 1961ರಲ್ಲಿ ಪ್ರಸಿದ್ಧ ಉತ್ತರ ಕೊಟ್ಟಿತು. ಅಕೋಲಾದ ಮಾರಾಟ ತೆರಿಗೆ ಅಧಿಕಾರಿಯ ವಿರುದ್ಧ ರಾಮಾವತಾರ ಬುಧಾಯಿಪ್ರಸಾದ್ ಹೂಡಿದ ಪ್ರಕರಣದಲ್ಲಿ, ವೀಳ್ಯದೆಲೆ ‘ತರಕಾರಿ’ಯೇ ಎಂಬುದು ವಿವಾದ. ಸಸ್ಯಶಾಸ್ತ್ರದ ಅರ್ಥವಲ್ಲ, ಜನಸಾಮಾನ್ಯರು ಮಾತಿನಲ್ಲಿ ಗ್ರಹಿಸುವ ಅರ್ಥವೇ ಪ್ರಮಾಣ, ಆದ್ದರಿಂದ ವೀಳ್ಯದೆಲೆ ತರಕಾರಿಯಲ್ಲ ಎಂದು ತೀರ್ಮಾನವಾಯಿತು. ಭಾಷಾವಿಜ್ಞಾನಿಗಳಿಗೆ ಇದಕ್ಕಿಂತ ಪ್ರಿಯವಾದ ತತ್ತ್ವ ಬೇರೊಂದಿರಲಾರದು: ಬಳಕೆಯೇ ಅರ್ಥ.

ಆದರೆ ಇಲ್ಲೊಂದು ಬಿರುಕಿದೆ. ಕಾನೂನಿನ ಪದ ಇಂಗ್ಲಿಷಿನದು. ಸಾಮಾನ್ಯರ ಮಾತು ಮರಾಠಿ, ಕನ್ನಡ, ಹಿಂದಿಗಳದ್ದು. ‘ವೆಜಿಟಬಲ್’ ಎಂಬ ಪದದ ‘ಸಾಮಾನ್ಯ ಅರ್ಥ’ವನ್ನು ಕೇಳುವಾಗ ವಾಸ್ತವದಲ್ಲಿ ನಾವು ಭಾಜಿ, ಕಾಯಿಪಲ್ಲೆ, ತರಕಾರಿ ಎಂಬ ಪದಗಳ ವ್ಯಾಪ್ತಿಯನ್ನೇ ಕೇಳುತ್ತಿರುತ್ತೇವೆ. ಮೀನಿನ ವಿಷಯದಲ್ಲಿ ಈ ಬಿರುಕು ಇನ್ನೂ ಅಗಲ. ಪಟ್ಟಿಯ ‘ಸ್ನೇಕ್‌ಹೆಡ್’ ಎಂಬ ಹೆಸರನ್ನು ಮಾತಿಗೆ ಮಾತು ಕನ್ನಡಿಸಿದರೆ ಹಾವಿನ ತಲೆಯ ಮೀನು ಎಂದಾಗುತ್ತದೆ. ಕೇಳಿದವನಿಗೆ ನೆನಪಾಗುವುದು ‘ಹಾವುಮೀನು’, ಅಂದರೆ ಪಟ್ಟಿಯಲ್ಲಿ ಬೇರೆಯೇ ಹೆಸರಿರುವ ಈಲ್. ಚನ್ನಾ ಕುಲದ ಆ ಮೀನಿಗೆ ಕನ್ನಡದಲ್ಲಿ ಕೊರವ, ಕುಚ್ಚು ಎಂಬ ಹೆಸರುಗಳಿವೆ.

ನ್ಯಾಯಾಲಯದ ನಿಲುವೂ ಕಾಲಕ್ರಮದಲ್ಲಿ ಬದಲಾಯಿತು. 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ತೀರ್ಪಿನಲ್ಲಿ, ದರಪಟ್ಟಿಯು ಸಮನ್ವಯಿತ ನಾಮಾವಳಿಯನ್ನು ಆಧರಿಸಿರುವಾಗ ಬೇರೆ ಉದ್ದೇಶ ಕಾಣದ ಹೊರತು ಆ ನಾಮಾವಳಿಯೇ ಮಾರ್ಗದರ್ಶಕ ಎಂದಾಯಿತು. ಸಂತೆಯ ಮಾತಿನಿಂದ ಬ್ರಸೆಲ್ಸಿನ ಟಿಪ್ಪಣಿಗೆ ಪ್ರಾಮಾಣ್ಯವು ವರ್ಗವಾಯಿತು. ಆವರಣದೊಳಗಿನ ಲ್ಯಾಟಿನ್ ನಾಮವಿರುವಲ್ಲಿ ಆಡುಮಾತಿಗೆ ಅವಕಾಶವೇ ಉಳಿಯಲಿಲ್ಲ.

ಹೆಸರಿನ ಕಲಹ ಅಂತಾರಾಷ್ಟ್ರೀಯ ಮಟ್ಟದಲ್ಲಿಯೂ ನಡೆದಿದೆ. ‘ಸಾರ್ಡೀನ್’ ಎಂಬ ಹೆಸರಿನಲ್ಲಿ ಯುರೋಪಿನ ಒಂದೇ ಜಾತಿಯನ್ನು ಮಾರಬಹುದೆಂಬ 1989ರ ಯುರೋಪಿಯನ್ ನಿಯಮವನ್ನು ಪೆರು ದೇಶ ಪ್ರಶ್ನಿಸಿತು. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2002ರ ಸೆಪ್ಟೆಂಬರ್‌ನಲ್ಲಿ ಪೆರುವಿನ ಪರವಾಗಿ ತೀರ್ಮಾನಿಸಿತು. ನಮ್ಮ ಬೂತಾಯಿ ಅಥವಾ ಬೈಗೆಯನ್ನು ಭಾರತದ ಇಂಗ್ಲಿಷಿನಲ್ಲಿ ‘ಆಯಿಲ್ ಸಾರ್ಡೀನ್’ ಎನ್ನುತ್ತಾರೆ. ಸುಂಕದ ಪಟ್ಟಿಯಲ್ಲಿ ಅದು ‘ಸಾರ್ಡಿನೆಲ್ಲಾ’. ಅದೃಷ್ಟವಶಾತ್ ಎರಡೂ ಒಂದೇ ಉಪಶೀರ್ಷಿಕೆಯಲ್ಲಿವೆ. ಎಲ್ಲ ಮೀನುಗಳಿಗೂ ಇಂಥ ಅದೃಷ್ಟವಿಲ್ಲ.

7. ಗೆಂಡೆ: 2012 ಮತ್ತು 2017

2012ರ ಪರಿಷ್ಕರಣೆಯಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಕೋರಿಕೆಯ ಮೇರೆಗೆ, ಮೀನಿನ ಅಧ್ಯಾಯ ಬಹಳ ವಿಸ್ತಾರವಾಯಿತು. ಸಿಹಿನೀರಿನ ಮೀನುಗಳಿಗೆ ಹೆಸರು ಹೇಳಿದ ಉಪಶೀರ್ಷಿಕೆಗಳು ಬಂದವು. ಹೆಪ್ಪುಗಟ್ಟಿಸಿದ ‘ಕಾರ್ಪ್’ಗೆ 0303.25 ಎಂಬ ಸಂಖ್ಯೆ ಸಿಕ್ಕಿತು. ಆದರೆ ಆವರಣದೊಳಗೆ ಸೇರಿದವು ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆಗಳ ಕುಲಗಳು ಮತ್ತು ಮೃಗಾಲ್ ಸೇರಿದ ಸಿರ್ಹೀನಸ್ ಕುಲ ಮುಂತಾದವು. ಕಾಟ್ಲಾ ಮತ್ತು ರೋಹು ಅಲ್ಲಿರಲಿಲ್ಲ. ಭಾರತದ ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್ ಮೂರನ್ನೂ ಒಟ್ಟಿಗೆ ಸಾಕುತ್ತಾರೆ. ಕನ್ನಡದ ಮೀನುಗಾರಿಕೆಯ ಬರಹಗಳು ಮೂರನ್ನೂ ‘ಭಾರತೀಯ ಪ್ರಮುಖ ಗೆಂಡೆಗಳು’ ಎನ್ನುತ್ತವೆ. ಐದು ವರ್ಷಗಳ ಕಾಲ, ಒಂದೇ ಕೆರೆಯ ಒಂದೇ ಬಲೆಯಲ್ಲಿ ಬಂದ ಮೂರು ಮೀನುಗಳಲ್ಲಿ ಮೃಗಾಲ್ ಮಾತ್ರ ಜಗತ್ತಿನ ಪಟ್ಟಿಯಲ್ಲಿ ಗೆಂಡೆಯಾಗಿತ್ತು.

2017ರ ಪರಿಷ್ಕರಣೆ ‘ಕಾಟ್ಲಾ ಕಾಟ್ಲಾ’ ಮತ್ತು ‘ಲಾಬಿಯೊ’ ಕುಲವನ್ನು ಆವರಣಕ್ಕೆ ಸೇರಿಸಿತು. ರೋಹು ಲಾಬಿಯೊ ಕುಲದ್ದಾದ್ದರಿಂದ ಒಳಬಂತು. ಅದರೊಡನೆ, ಯಾರೂ ಉದ್ದೇಶಿಸದೆ, ಸೈಕ್ಸ್ ಹೆಸರಿಸಿದ ಕೃಷ್ಣಾ ಜಲಾನಯನದ ‘ಲಾಬಿಯೊ ಪೊಟೇಲ್’, ‘ಲಾಬಿಯೊ ಬೊಗ್ಗಟ್’ ಕೂಡ ಒಳಬಂದವು. ಅದೇ ನೀರಿನ ‘ಟಾರ್ ಖುದ್ರೀ’ ಹೊರಗುಳಿಯಿತು. ಹಾಗೆಯೇ ಬಾಳೆಮೀನು: ಇಂಗ್ಲಿಷ್ ಬರಹಗಳು ಅದನ್ನು ಕ್ಯಾಟ್‌ಫಿಶ್ ಎನ್ನುತ್ತವೆ, ಪಟ್ಟಿಯ ಕ್ಯಾಟ್‌ಫಿಶ್ ಆವರಣದಲ್ಲಿ ಅದರ ‘ವಲ್ಲಾಗೊ’ ಕುಲವಿಲ್ಲ. ಹೀಗೆ ಕುಲನಾಮವೊಂದರ ಸೇರ್ಪಡೆ ಅಥವಾ ಲೋಪವು ಒಂದು ನದಿಯ ಮೀನುಗಳನ್ನು ಎರಡು ಪಾಲು ಮಾಡುತ್ತದೆ.

ಭಾಷೆಯ ದೃಷ್ಟಿಯಿಂದ ಕನ್ನಡದ ‘ಗೆಂಡೆ’ಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅದು ಕುಲವಾಚಿಯಾಗಿ ನಿಂತು, ಹೊರದೇಶದಿಂದ ಬಂದ ಮೀನುಗಳಿಗೂ ವಿಶೇಷಣ ಸೇರಿಸಿ ಹೆಸರು ಕೊಡುವ ಶಕ್ತಿಯನ್ನು ತೋರಿಸಿದೆ: ಹುಲ್ಲುಗೆಂಡೆ, ಬೆಳ್ಳಿಗೆಂಡೆ. ಪಾರಿಭಾಷಿಕ ಪದರಚನೆಯಲ್ಲಿ ಕನ್ನಡಕ್ಕೆ ಶಕ್ತಿಯಿಲ್ಲ ಎಂಬ ಮಾತಿಗೆ ಇದು ಸಣ್ಣದಾದರೂ ಗಟ್ಟಿಯಾದ ಉತ್ತರ.

8. ನಾಮಾವಳಿ ಒಳನಾಡಿಗೆ ಬಂದುದು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಸುಂಕದ ನಾಮಾವಳಿ ಬಂದರಿನಿಂದ ಒಳನಾಡಿಗೆ ಇಳಿಯಿತು. ‘ಎಚ್‌ಎಸ್‌ಎನ್’ ಎಂಬ ಅಕ್ಷರಗಳು ಅಂಗಡಿಯ ರಸೀದಿಯ ಮೇಲೆ ಬಂದವು. ಸೀಮಾಸುಂಕದ ಕಟ್ಟೆಯನ್ನೇ ಕಾಣದ ಕುಡಚಿಯಂಥ ಊರಿನ ವರ್ತಕನೂ ಬ್ರಸೆಲ್ಸಿನ ವಿಂಗಡಣೆಯ ಬಳಕೆದಾರನಾದ. ಜಕಾತಿಯ ಕಾಲದಲ್ಲಿ ಸರಕಿನ ಹೆಸರು ಊರಿನದಾಗಿತ್ತು. ಈಗ ಹೆಸರಿನ ಜಾಗದಲ್ಲಿ ಸಂಖ್ಯೆ ಇದೆ.

ಇಲ್ಲಿಯೂ ಹೆಪ್ಪುಗಟ್ಟಿಸಿದ ಮೀನು ಭಾಷಾವಿಜ್ಞಾನಕ್ಕೆ ಒಂದು ಪಾಠ ಒದಗಿಸುತ್ತದೆ. ಒಂದು ಘಟ್ಟದಲ್ಲಿ ತೆರಿಗೆಯ ಗೆರೆ ಬಿದ್ದುದು ಬ್ರಾಂಡ್ ಹೆಸರು ಹೊತ್ತ ಪೊಟ್ಟಣ ಮತ್ತು ಹೊರದ ಪೊಟ್ಟಣಗಳ ನಡುವೆ. 2022ರ ಜುಲೈ 18ರಿಂದ ಆ ಗೆರೆ ‘ಮೊದಲೇ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ’ ಎಂಬ ಲಕ್ಷಣಕ್ಕೆ ಸರಿಯಿತು. ಮೀನು ಬದಲಾಗಲಿಲ್ಲ, ಚಳಿ ಬದಲಾಗಲಿಲ್ಲ. ಮೇಲಿನ ಬರಹವಷ್ಟೇ ತೆರಿಗೆಯನ್ನು ಹುಟ್ಟಿಸುತ್ತದೆ ಅಥವಾ ಅಳಿಸುತ್ತದೆ. ನಾಮಕರಣವು ಒಂದು ಕ್ರಿಯೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕುವುದು ಕಷ್ಟ.

9. ಉಪಸಂಹಾರ

ನಮ್ಮ ನಿಘಂಟುಗಳಲ್ಲಿ ಮೀನಿನ ಹೆಸರುಗಳಿಗೆ ಬಹುಸಾಮಾನ್ಯವಾಗಿ ಸಿಗುವ ಅರ್ಥ ‘ಒಂದು ಬಗೆಯ ಮೀನು’. 1894ರ ಕಿಟ್ಟೆಲ್ ನಿಘಂಟಿನಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನವರೆಗೆ ಈ ಅರ್ಥಕಥನ ಪರಿಚಿತ. ಸುಂಕದ ಪಟ್ಟಿಯ ‘ಇತರೆ’ಗೂ ನಿಘಂಟಿನ ‘ಒಂದು ಬಗೆಯ ಮೀನು’ ಎಂಬುದಕ್ಕೂ ವ್ಯತ್ಯಾಸ ಹೆಚ್ಚಿಲ್ಲ. ಎರಡೂ ಹೆಸರನ್ನು ಒಪ್ಪಿಕೊಂಡಂತೆ ಮಾಡಿ, ಅದು ಗುರುತಿಸುವ ಭೇದವನ್ನು ಬಿಟ್ಟುಬಿಡುತ್ತವೆ. ಬ್ರಸೆಲ್ಸನ್ನು ದೂರುವ ಮೊದಲು ಕನ್ನಡ ನಿಘಂಟುಕಾರರು ಈ ಸಾಲನ್ನು ತುಂಬಬೇಕಾಗಿದೆ.

ಆ ದಾರಿ ಕಠಿಣವಾದುದಲ್ಲ. ಕನ್ನಡ ಹೆಸರನ್ನು ಇಂಗ್ಲಿಷ್ ಹೆಸರಿನ ಅನುವಾದವಾಗಿ ಕಟ್ಟದೆ, ನೇರವಾಗಿ ಲ್ಯಾಟಿನ್ ನಾಮಕ್ಕೆ ಜೋಡಿಸಬೇಕು. ಹೆಸರು ಯಾವ ಹೊಳೆಯ, ಯಾವ ದಂಡೆಯದು ಎಂಬುದನ್ನು ದಾಖಲಿಸಬೇಕು. ಒಂದೇ ಮೀನಿಗೆ ಕನ್ನಡ, ಮರಾಠಿ, ಉರ್ದು ಹೆಸರುಗಳಿರುವಲ್ಲಿ ಮೂರನ್ನೂ ಒಂದೇ ನಮೂದಿನಲ್ಲಿ ಕೊಡಬೇಕು. ಕುಡಚಿ, ಅಥಣಿ, ಚಿಕ್ಕೋಡಿಗಳ ಕೃಷ್ಣಾತೀರ ಇದಕ್ಕೆ ಅತ್ಯಂತ ಯೋಗ್ಯವಾದ ಕ್ಷೇತ್ರ. ಸಾಕಣೆಯ ಕಾಟ್ಲಾ, ರೋಹುಗಳು ಸಂತೆಯನ್ನು ತುಂಬಿದಂತೆ ಹೊಳೆಯ ಮೂಲ ಮೀನುಗಳ ಹೆಸರುಗಳನ್ನು ಆಡುವ ಸಂದರ್ಭಗಳು ಕಡಿಮೆಯಾಗುತ್ತವೆ. ‘ನುಕ್ತಾ’ ಇಂದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಸೈಕ್ಸ್ ಪುಣೆಯಲ್ಲಿ ಕೇಳಿದ ಆ ಹೆಸರು ಲ್ಯಾಟಿನ್ನಿನಲ್ಲಿ ಉಳಿಯುತ್ತದೆ. ಅದೇ ಮೀನಿಗೆ ಕೃಷ್ಣೆಯ ಕನ್ನಡದ ದಂಡೆಯ ಅಂಬಿಗರು, ಬೆಸ್ತರು ಹೇಳುವ ಹೆಸರನ್ನು ಬರೆದುಕೊಳ್ಳುವ ಹೊಣೆ ನಮ್ಮದು.